ಸವಿತಾಳ ಅಕ್ಕಡಿ ಸಾಲು

ಸುರೇಬಾನದ ಎರೆ ಹೊಲಗಳಿಗೆ ಆಗಿನ್ನೂ ಟ್ರ್ಯಾಕ್ಟರ್ ಕೂರಿಗೆ ಬಂದಿರಲಿಲ್ಲ. ತೊಂಬತ್ತರ ದಶಕದ ನಡುವಿನ ವರ್ಷಗಳವು. ಹಿಂಗಾರಿ ಬಿತ್ತನೆಯೆಂದರೆ ಒಂದು ಜೋಡಿ ಎತ್ತು, ಕೂರಿಗೆ, ಅದರ ಹಿಂದೆ ಸೀರೆ ಎತ್ತಿ ಕಟ್ಟಿಕೊಂಡು ಉಡಿಯಲ್ಲಿ ಬೀಜ ತುಂಬಿಕೊಂಡ ಹೆಂಗಸರು. ಯಾರ ಕೈ ಚೆನ್ನಾಗಿದೆ, ಯಾರದು ಇಲ್ಲ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಬೆಳೆ ಮೇಲೆದ್ದರೆ ಊರಿಗೇ ಗೊತ್ತಾಗುತ್ತಿತ್ತು.

ನಾನು ಹೇಳಹೊರಟ ಬಾಲ್ಯ ನನ್ನದಲ್ಲ. ನನ್ನದು ಬೆಳಗಾವಿಯ ಕಾನ್ವೆಂಟಿನ ಬೆಲ್ಲುಗಳ ನಡುವೆ ಮುಗಿದುಹೋಯಿತು: ಪ್ರೇಯರ್, ಸ್ಟಡಿ, ಲೈಟ್ಸ್ ಆಫ್. ಇದು ನನ್ನ ಮಗಳು ಸವಿತಾಳ ಬಾಲ್ಯದ ಒಂದು ಹಂಗಾಮು. ನಾನು ನೋಡುತ್ತ ನಿಂತದ್ದು, ನೋಡುತ್ತ ನಿಲ್ಲುವುದನ್ನು ಕಲಿತದ್ದು.

ಸವಿತಾ ಆಗ ಐದನೆಯ ಕ್ಲಾಸು. ಶುರು ಮಾಡುವುದರಲ್ಲಿ ಎಕ್ಸ್‌ಪರ್ಟ್. ಹಾರ್ಮೋನಿಯಂ ಕ್ಲಾಸು ಸರಳೆಗೇ ನಿಂತಿತು. ಕ್ರೋಶಾದಲ್ಲಿ ಟೇಬಲ್ ಮ್ಯಾಟ್ ಹಾಕುತ್ತೇನೆಂದು ದಾರ ತರಿಸಿದಳು. ಅರ್ಧ ಹಾಕಿ ಬಿಟ್ಟಳು, ಉಳಿದರ್ಧ ನಾನು ಹಾಕಿದೆ. ಅವಳ ಡ್ರಾಯಿಂಗಿಗೆ ಬಣ್ಣ ತುಂಬಿದ್ದೂ ನಾನೇ. ಗೋಡೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಟೈಮ್‌ಟೇಬಲ್ ಬರೆದು ಅಂಟಿಸಿದ್ದೆ. ಅದನ್ನು ಫಾಲೋ ಮಾಡುತ್ತಿದ್ದವಳು ನಾನೊಬ್ಬಳೇ. ಎಬ್ಬಿಸುವುದು ನಾನು, ಜಡೆ ಹಾಕಿ ಬ್ಯಾಗ್ ತುಂಬುವುದು ನಾನು, ಬಸ್ಸು ತಪ್ಪಿದರೆ ಬೈಸಿಕೊಳ್ಳುವುದೂ ನಾನು.

“ಮಮ್ಮಿ ನೀ ಎಬ್ಬಸಲೇ ಇಲ್ಲ!” ಎಂದು ನನ್ನ ಮೇಲೇ ಕೂಗುತ್ತಿದ್ದಳು. ಮಮ್ಮಿ ಎಂದು ಕಲಿಸಿದವಳು ನಾನೇ. ಅದನ್ನು ಕೇಳಿದಾಗಲೆಲ್ಲ ನಮ್ಮ ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

ಆ ವರ್ಷ ದಸರಾ ರಜೆಗೆ ಸರಿಯಾಗಿ ಭೂಮಿ ಹದಕ್ಕೆ ಬಂತು. ರಾಮದುರ್ಗದ ರಸ್ತೆಗೆ ಹತ್ತಿಕೊಂಡಿದ್ದ ನಮ್ಮ ಹೊಲದಲ್ಲಿ ಬಿಳಿಜೋಳ ಬಿತ್ತಬೇಕಿತ್ತು. ಜೋಳದ ಸಾಲುಗಳ ನಡುವೆ ಅಲ್ಲಲ್ಲಿ ಒಂದೊಂದು ಸಾಲು ಕುಸುಬೆ. ಅದಕ್ಕೆ ಅಕ್ಕಡಿ ಎನ್ನುತ್ತಾರೆ. ಕೂರಿಗೆಯ ಹಿಂದೆ ಹಗ್ಗಕ್ಕೆ ಕಟ್ಟಿದ ಬಿದಿರಿನ ಕೊಳವೆಯೊಂದು ಬರುತ್ತದೆ. ಅದನ್ನು ನೆಟ್ಟಗೆ ಹಿಡಿದು ನಡೆಯುತ್ತ, ಬೆರಳ ಸಂದಿನಿಂದ ಕುಸುಬೆಯ ಕಾಳನ್ನು ಬಿಡುತ್ತಾ ಹೋಗಬೇಕು. ಹೆಚ್ಚೂ ಬೀಳಬಾರದು, ಕಡಿಮೆಯೂ ಆಗಬಾರದು.

“ಆಯಿ, ಈ ಸಲ ಅಕ್ಕಡಿ ನಾ ಹಿಡೀತೇನಿ,” ಎಂದಳು ಸವಿತಾ ಅಜ್ಜಿಗೆ.

ನಾನು ಬೇಡವೆಂದೆ. ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿದರು. “ಫ್ರಾಕಿಗೆ ಉಡಿ ಎಲ್ಲೈತಿ? ಕಾಳ ಎಲ್ಲಿ ತುಂಬ್ಕೋತಿ?” ಎಂದು ತಾವೇ ಒಂದು ಟವೆಲ್ ತಂದು ಅವಳ ನಡುವಿಗೆ ಬಿಗಿದರು.

ಕೂರಿಗೆಗೆ ಜೋಳ ಬಿಡುವ ಬಟ್ಟಲು ಹಿಡಿದವಳು ಗಂಗವ್ವ, ನಮ್ಮ ಹೊಲದ ಕೆಲಸಕ್ಕೆ ಬರುತ್ತಿದ್ದವಳು. ಎತ್ತು ಹೊಡೆಯುವವರು ಇಮಾಮ್ ಕಾಕಾ. ಕೂರಿಗೆಗೆ ಪೂಜೆ ಮಾಡಿ ಕಾಯಿ ಒಡೆದರು. ಹಸಿ ಎರೆಮಣ್ಣಿನ ವಾಸನೆ, ಊದುಬತ್ತಿಯ ವಾಸನೆ, ಬುತ್ತಿಯೊಳಗಿನ ಎಣ್ಣೆಗಾಯಿಯ ವಾಸನೆ ಎಲ್ಲ ಒಂದೇ ಗಾಳಿಯಲ್ಲಿ. ಮಣ್ಣು ಮೆತ್ತಿ ಮೆತ್ತಿ ಸವಿತಾಳ ಪಾದಗಳು ಎರಡು ಕರಿ ರೊಟ್ಟಿಯಂತಾಗಿದ್ದವು.

ಮಧ್ಯಾಹ್ನದವರೆಗೂ ಚೆನ್ನಾಗಿಯೇ ಬಿಟ್ಟಳು. ಊಟ ಆದ ಮೇಲೆ ಸವದತ್ತಿ ಕಡೆಗೆ ಹೊರಟ ಬಸ್ಸು ಬಂತು. ಕಿಟಕಿಯಲ್ಲಿ ಅವಳ ಕ್ಲಾಸಿನ ಗೆಳತಿ, “ಸವೀ!” ಎಂದು ಕಿರುಚಿದಳು. ಇವಳು ಕೈ ಬೀಸಿದಳು, ಕಾಳು ಬಿಡುವ ಕೈಯನ್ನೇ. ಎತ್ತುಗಳು ನಡೆದವು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ಕೈ ಬೀಸಿ, ಆಮೇಲೆ ನೆನಪಾಗಿ, ತಪ್ಪಿದ ಲೆಕ್ಕ ಭರ್ತಿ ಮಾಡುವವಳಂತೆ ಒಂದು ಮುಷ್ಟಿ ಕಾಳು ಒಂದೇ ಕಡೆ ಸುರಿದಳು. ಇದು ಅವತ್ತು ನಮಗ್ಯಾರಿಗೂ ಗೊತ್ತಾಗಲಿಲ್ಲ. ಹಿಂದೆ ಮಣ್ಣು ಮುಚ್ಚುವ ಕುಂಟೆ ಬಂದು ಎಲ್ಲವನ್ನೂ ಸಮ ಮಾಡಿಬಿಟ್ಟಿತು.

ರಜೆ ಮುಗಿದು ಸಾಲೆ ಶುರುವಾಗುವ ಹೊತ್ತಿಗೆ ಬೆಳೆ ಗೇಣುದ್ದ ಎದ್ದಿತ್ತು. ಅವಳು ಸಾಲೆಗೆ ಹೋಗುವ ರಾಮದುರ್ಗದ ಬಸ್ಸಿನಿಂದ ನೋಡಿದರೆ ಹೊಲ ಅಂಗೈಯಷ್ಟು ಸ್ಪಷ್ಟ. ಒಂದು ಅಕ್ಕಡಿ ಸಾಲು ಇದ್ದಕ್ಕಿದ್ದಂತೆ ನಿಂತುಹೋಗಿದೆ. ಉದ್ದಕ್ಕೂ ಬರೀ ಕರಿಮಣ್ಣು. ಅದರ ಕೊನೆಗೆ ಒಂದು ಗುಂಪು ಕುಸುಬೆ, ಒಂದರ ಮೇಲೊಂದು ಬಿದ್ದು.

ಕಂಡಕ್ಟರಿಗೆ ಅಷ್ಟೇ ಸಾಕಾಗಿತ್ತು. “ಏನ್ ಸವಿತಾಬಾಯಿ, ನಿಮ್ಮ ಕುಸುಬಿ ನಡುದಾರ್ಯಾಗ ಬಸ್ ಹತ್ತಿ, ಮುಂದ ಇಳದೇತೇನ್? ಅದರ ಟಿಕೀಟ್ ಯಾರ ತಗೀತೀರಿ?”

ಇಡೀ ಬಸ್ಸು ನಕ್ಕಿತಂತೆ. ಸಂಜೆ ಬಂದವಳೇ ಬ್ಯಾಗನ್ನು ಮೂಲೆಗೆ ಎಸೆದು ಹಾಸಿಗೆಯ ಮೇಲೆ ಬೋರಲು ಬಿದ್ದಳು. ನನಗೂ ತಡೆಯಲಾಗಲಿಲ್ಲ. ಪೂವರ್ ಥಿಂಗ್, ದಿನಾ ಅದೇ ಹೊಲದ ಮುಂದೆ ಅದೇ ಬಸ್ಸಿನಲ್ಲಿ ಹೋಗಬೇಕು. ಹಿತ್ತಲಲ್ಲಿದ್ದ ಗಂಗವ್ವನನ್ನು ಕರೆದೆ.

“ನಾಳೆ ಆ ಸಾಲಿನಾಗ ಕೈಲೇ ಕಾಳು ಊರಿ ಬಿಡು ಗಂಗವ್ವ. ಯಾರಿಗೂ ಗೊತ್ತಾಗೋದು ಬ್ಯಾಡ.”

ಹಾಸಿಗೆಯಿಂದಲೇ ಧ್ವನಿ ಬಂತು. “ಮುಟ್ಟಬ್ಯಾಡ್ರಿ ಅದನ್ನ! ಅದು ನಂದ ಸಾಲ ಐತಿ.”

“ನಿಂದ ಹೌದು. ಏನ ಮಾಡಾಕಿ?” ಎಂದರು ಅತ್ತೆ ಹೊಸ್ತಿಲಲ್ಲಿ ಕೂತಲ್ಲಿಂದಲೇ.

“ನಾನ ಊರತೇನಿ.”

“ಮ್ಯಾಲಿನ ಹಸಿ ಆರೇತಿ. ಬರೇ ಊರಿದರ ಹುಟ್ಟಂಗಿಲ್ಲ. ದಿನಾ ಬಾವಿಯಿಂದ ನೀರ ಹೊತ್ತ ಹಾಕಬೇಕು, ಬೇರ ಕೆಳಗಿನ ಹಸಿ ಹಿಡಿಯೂತನಾ.”

“ಹಾಕತೇನಿ.”

“ಹಾರ್ಮೋನಿ ಬಾರಿಸಿದಂಗೇನ?”

ಮರುದಿನ ಬೆಳಗ್ಗೆ ನಾನು ಎಬ್ಬಿಸಿದೆ, ಸವಿತಾ ಹೊಲಕ್ಕೆ ಹೋದಳು. ಬೆರಳಿನಿಂದ ಗುಳಿ ಮಾಡಿ ಎರಡೆರಡು ಕಾಳು ಊರಿ, ತಂಬಿಗೆಯಿಂದ ಗುಟುಕು ಗುಟುಕು ನೀರು ಬಿಟ್ಟಳು. ಅಲ್ಲಿಂದಲೇ ಬಸ್ಸು ಹತ್ತಿದಳು, ಯೂನಿಫಾರ್ಮಿನ ಅಂಚಿಗೆಲ್ಲ ಕೆಸರು. ಹೀಗೆ ಕೆಲವು ದಿನ ನಡೆಯಿತು. ನಾನು ಎಬ್ಬಿಸುವುದು, ಅವಳು ಹೋಗುವುದು. ಊರಿದ್ದು ಮೊಳೆಯಿತು. ಕಂಡಕ್ಟರ್, “ಕುಸುಬಿ ವಾಪಸ್ ಬರಾಕ ಹತ್ತೇತಲ್ಲ!” ಎಂದನಂತೆ.

ಅಷ್ಟಕ್ಕೆ ಅವಳ ಉತ್ಸಾಹ ಇಳಿಯಿತು. ಮಾನ ಬಂತಲ್ಲ, ಇನ್ನೇನು? ಒಂದು ಚಳಿಯ ಬೆಳಗ್ಗೆ ನಾನು ಎಂದಿನಂತೆ ಎಬ್ಬಿಸಲು ಹೊರಟೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅತ್ತೆ ಹಿಟ್ಟಿನ ಕೈಯಲ್ಲೇ ನನ್ನ ಮುಂಗೈ ಹಿಡಿದರು.

“ಎಬ್ಬಿಸಬ್ಯಾಡ, ವಿಮಲಾ.”

“ಅತ್ತಿ, ಸಸಿ ಒಣಗತಾವರಿ!”

“ಒಣಗಲಿ. ನೀ ಎಬ್ಬಿಸಿ ಎಬ್ಬಿಸಿ ಬೆಳದರ ಅದು ನಿನ್ನ ಬೆಳಿ ಆಗತೈತಿ. ಆಕಿದಲ್ಲ.”

ನನಗೆ ಸಿಟ್ಟು ಬಂತು. ಇಷ್ಟು ದೂರ ಬಂದದ್ದನ್ನು ಒಂದು ದಿನದ ನಿದ್ದೆಗೆ ಕಳೆದುಕೊಳ್ಳುವುದೇ? ಮಗಳು ಮೊದಲ ಸಲ ಒಂದನ್ನು ಪೂರ್ತಿ ಮಾಡುವುದರಲ್ಲಿದ್ದಳು. ನಾನು ಒಂದು ಕೂಗು ಹಾಕಿದರೆ ಸಾಕಿತ್ತು. ಮುಂಗೈಗೆ ಹತ್ತಿದ ಹಿಟ್ಟು ಒರೆಸಿಕೊಂಡು ಅಲ್ಲೇ ನಿಂತೆ. ಆ ಅರ್ಧ ಗಂಟೆಯಷ್ಟು ಕಷ್ಟದ ಡ್ಯೂಟಿ ಕಾನ್ವೆಂಟಿನಲ್ಲೂ ಮಾಡಿರಲಿಲ್ಲ.

ಸವಿತಾ ಗಡಿಬಿಡಿಯಿಂದ ಎದ್ದು, ನನ್ನನ್ನು ಬೈದು, ಜಡೆ ಬಿಚ್ಚಿಕೊಂಡೇ ಬಸ್ಸಿಗೆ ಓಡಿದಳು. ಸಂಜೆ ಬಸ್ಸು ಬಂತು, ಅವಳು ಇಳಿಯಲಿಲ್ಲ. ಹೊಲದ ಕಡೆ ಓಡಿದೆ. ಅಲ್ಲಿದ್ದಳು. ಕಂಡಕ್ಟರನಿಗೆ ಹೇಳಿ ಹೊಲದ ಹತ್ತಿರವೇ ಬಸ್ಸು ನಿಲ್ಲಿಸಿಕೊಂಡು, ತನ್ನ ವಾಟರ್ ಬಾಟಲಿಯಿಂದಲೇ ನೀರು ಹಾಕುತ್ತಿದ್ದಳು. ಸಾಲಿನ ಆ ತುದಿಯಲ್ಲಿ ಕೆಲವು ಸಸಿ ಜೋತುಬಿದ್ದಿದ್ದವು.

“ನಾಕೈದು ಸತ್ತಾವ, ಮಮ್ಮಿ,” ಎಂದಳು. ನೀನು ಎಬ್ಬಿಸಲಿಲ್ಲ ಎನ್ನಲಿಲ್ಲ. ನಾನೂ ಬಾಟಲಿಗೆ ಕೈ ಹಾಕಲಿಲ್ಲ. ಬದುವಿನ ಮೇಲೆ ಕೂತೆ.

ಆ ರಾತ್ರಿ ಅಜ್ಜಿಯ ಹಾಸಿಗೆಯ ಪಕ್ಕ ತನ್ನ ಹಾಸಿಗೆ ಎಳೆದುಕೊಂಡಳು, ಅವರು ಏಳುವಾಗ ಸದ್ದಾಗಲಿ ಎಂದು. ಬೇರು ಹಿಡಿಯುವವರೆಗೆ ನೀರು ಹೊತ್ತಳು. ಆಮೇಲೆ ನೀರು ಬೇಕಾಗಲಿಲ್ಲ, ಆದರೂ ಆ ಹೊತ್ತಿಗೆ ಏಳುವುದು ನಿಲ್ಲಲಿಲ್ಲ. ಆ ಹೊತ್ತಿನಲ್ಲಿ ಮಗ್ಗಿ ಶುರುವಾಯಿತು, ಡ್ರಾಯಿಂಗ್ ಶುರುವಾಯಿತು. ಗೋಡೆಯ ಟೈಮ್‌ಟೇಬಲ್ ಯಾವಾಗ ಉದುರಿತೋ ನೆನಪಿಲ್ಲ.

ಸುಗ್ಗಿಯಲ್ಲಿ ಜೋಳ ಕೊಯ್ದರು, ಒಣಗಿದ ಕುಸುಬೆಯನ್ನೂ ಕಿತ್ತರು. ಅವಳ ಸಾಲು ಗಿಡ್ಡ, ಇನ್ನೂ ಹಸಿರು, ಮೇಲೆ ಹಳದಿ ಹೂವು. “ಇದೊಂದು ಸಾಲ ಯಾರ ಕಾಯೋದು?” ಎಂದು ಇಮಾಮ್ ಕಾಕಾ ಗೊಣಗಿದರೂ ಹೊಲ ಹರಗುವಾಗ ಆ ಸಾಲು ತುಳಿಯದಂತೆ ಎತ್ತುಗಳನ್ನು ಸುತ್ತುಬಳಸಿ ಹೊಡೆದರು. ಮಾಗಿದ ಮೇಲೆ ಸವಿತಾ ಕೈಗೆ ಬಟ್ಟೆ ಸುತ್ತಿಕೊಂಡು, ಮುಳ್ಳು ಚುಚ್ಚಿಸಿಕೊಂಡು ತಾನೇ ಕಿತ್ತು ತಂದಳು. ಬಡಿದರೆ ಒಂದು ಮೊರಕ್ಕೂ ಕಡಿಮೆ ಕಾಳು. ಅತ್ತೆ ಅದನ್ನು ದೊಡ್ಡ ರಾಶಿಗೆ ಸುರಿದುಬಿಟ್ಟರು.

“ಆಯಿ! ನಂದು ಬ್ಯಾರೆ ಇಡಬೇಕಿತ್ತ!”

“ಹೊಲದಾಗ ನಂದು ಅನ್ನಬೇಕು. ಮನಿಗೆ ಬಂದ ಮ್ಯಾಲೆ ಅನ್ನಬಾರದು.”

ಈಗ ಸವಿತಾ ಬೈಲಹೊಂಗಲದಲ್ಲಿ ಸ್ವಂತ ಔಷಧಿ ಅಂಗಡಿ ನಡೆಸುತ್ತಾಳೆ. ಶಟರ್ ಎತ್ತುವ ಹೊತ್ತು ನೋಡಿ ಪಕ್ಕದವರು ಗಡಿಯಾರ ಸರಿ ಮಾಡಿಕೊಳ್ಳುತ್ತಾರೆಂದು ಅಳಿಯ ಚೇಷ್ಟೆ ಮಾಡುತ್ತಾನೆ. ಅತ್ತೆ ಇಲ್ಲ, ಇಮಾಮ್ ಕಾಕಾನೂ ಇಲ್ಲ. ಎತ್ತುಗಳನ್ನು ಮಾರಿ ಎಷ್ಟೋ ವರ್ಷವಾಯಿತು. ಟ್ರ್ಯಾಕ್ಟರ್ ಬಂದು ಒಂದೇ ಮಧ್ಯಾಹ್ನದಲ್ಲಿ ಬಿತ್ತಿ ಹೋಗುತ್ತದೆ. ವೆರಿ ನೀಟ್, ಗೆರೆ ಹಾಕಿದಂತೆ. ನಾನು ಅದರ ವಿರೋಧಿಯಲ್ಲ. ಹೆಂಗಸರ ನಡುನೋವು ತಪ್ಪಿದೆ.

ಹೋದ ವರ್ಷ ನಮ್ಮ ಹೊಲದಲ್ಲಿ ಒಂದು ಸಾಲು ಪೂರಾ ಖಾಲಿ ಬಿದ್ದಿತ್ತು. ಟ್ರ್ಯಾಕ್ಟರಿನವನನ್ನು ಕೇಳಿದೆ. “ಪೈಪ್ ಬ್ಲಾಕ್ ಆಗಿರಬೇಕ್ರಿ ಅಮ್ಮಾರ,” ಎಂದ, ಸೌಜನ್ಯದಿಂದಲೇ. ದಿನಾ ಬಸ್ಸುಗಳು ಹೋದವು, ಬಂದವು. ಒಳಗೆ ಎಲ್ಲರೂ ಮೊಬೈಲ್ ನೋಡುತ್ತಿದ್ದರು. ಯಾರೂ ನಗಲಿಲ್ಲ, ಯಾರೂ ಹಾಸಿಗೆಯ ಮೇಲೆ ಬಿದ್ದು ಅಳಲಿಲ್ಲ. ಸುಗ್ಗಿಯವರೆಗೂ ಆ ಸಾಲು ಹಾಗೆಯೇ ಕರಿಮಣ್ಣಾಗಿ ಉಳಿಯಿತು.