ನಾಲ್ಕೂ ಸ್ಲಾಟು ತುಂಬಿಸಿದ ಮೇಲೆ

ಎರಡು ಸಾವಿರದ ಐದೋ ಆರೋ ಇರಬೇಕು. ಆ ವರ್ಷ, ತಮಿಳರ ಮದುವೆಗಳೆಲ್ಲ ನಡೆಯುವ ತೈ ತಿಂಗಳಲ್ಲಿ, ನನ್ನದೆನ್ನುವ ಒಂದು ಭಾನುವಾರವೂ ನನಗೆ ಸಿಗಲಿಲ್ಲ. ವಾರವಿಡೀ ಪಲ್ಲಾವರಂ ಕಡೆಯ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಕಂಪ್ಯೂಟರುಗಳ ಉಸ್ತುವಾರಿ. ಭಾನುವಾರವಾದರೆ ಎರಡು ಬಸ್ಸು ಬದಲಿಸಿ ಅಣ್ಣಾ ನಗರದ ಅಕ್ಕನ ಮನೆಗೆ ಹೋಗಿ, ಅವಳ ಕಂಪ್ಯೂಟರನ್ನು ಬಿಚ್ಚಿಕೊಂಡು ನೆಲದ ಮೇಲೆ ಕೂರುವುದು. ಸಂಜೆ ಮತ್ತೆ ಅದೇ ಎರಡು ಬಸ್ಸು.

ಅಕ್ಕ ಮದುವೆ ಆಲ್ಬಮ್ಮುಗಳ ಪುಟ ಜೋಡಿಸುತ್ತಿದ್ದಳು. ಭಾವ ಹೋಟೆಲಿನ ಅಡುಗೆಮನೆಯಲ್ಲಿ ಭಾರದ ಪಾತ್ರೆ ಎತ್ತಿ ಎತ್ತಿ ಬೆನ್ನು ಕೆಡಿಸಿಕೊಂಡು ಮನೆಯಲ್ಲಿ ಮಲಗಿದಾಗ, ಅವಳು ಟಿ. ನಗರದ ಒಂದು ಸ್ಟುಡಿಯೋಕ್ಕೆ ದಿನಾ ಹೋಗಿ ಆ ಕೆಲಸ ಕಲಿತಳು. ಆಮೇಲೆ ಮನೆಯಲ್ಲೇ ಶುರುಮಾಡಿದಳು. ಕಂಪ್ಯೂಟರ್ ಜೋಡಿಸಿಕೊಟ್ಟವನು ನಾನೇ. ಅದರ ಬೋರ್ಡಿನಲ್ಲಿ ಮೆಮರಿ ಹಾಕಲು ನಾಲ್ಕು ಸ್ಲಾಟುಗಳಿದ್ದವು. ಎರಡಕ್ಕೆ ಮಾತ್ರ ಮೆಮರಿ ಸ್ಟಿಕ್ಕು ಹಾಕಿ, ಮುಂದೆ ಬೇಕಾದರೆ ಇರಲಿ ಎಂದು ಇನ್ನೆರಡನ್ನು ಖಾಲಿ ಬಿಟ್ಟಿದ್ದೆ.

ಆ ವರ್ಷ ಫೋಟೋಗ್ರಾಫರುಗಳೆಲ್ಲ ಹೊಸ ಡಿಜಿಟಲ್ ಕ್ಯಾಮೆರಾ ತಗೊಂಡಿದ್ದರು. ಒಂದೊಂದು ಚಿತ್ರವೂ ದೊಡ್ಡದು. ಒಂದು ಪುಟ ತೆರೆಯುವಷ್ಟರಲ್ಲಿ ಅಕ್ಕ ಎದ್ದುಹೋಗಿ ಸಾರಿಗೆ ಒಗ್ಗರಣೆ ಹಾಕಿ ಬರುತ್ತಿದ್ದಳು.

"ಎಂತದ್ದಾದ್ರೂ ಮಾಡು ಮಾರಾಯ," ಎಂದು ಫೋನ್ ಮಾಡಿದಳು. "ತೈ ತಿಂಗಳ ಮದುವೆ ಎಲ್ಲ ಒಟ್ಟಿಗೆ ಬಂದದೆ. ಈ ಕಂಪ್ಯೂಟರ್ ನೋಡಿದ್ರೆ ಮುಂದೆ ಹೋಗುದೇ ಇಲ್ಲ."

ಅದೇ ತರದ ಇನ್ನೆರಡು ಸ್ಟಿಕ್ಕು ಕೊಂಡು ನಾಲ್ಕೂ ಸ್ಲಾಟು ತುಂಬಿಸಿದೆ. ಮೆಮರಿ ಎರಡರಷ್ಟಾಯಿತು. ಆನ್ ಮಾಡಿದಾಗ ಪರದೆಯ ಮೇಲೆ ಒಂದು ಕ್ಷಣ ಮೂಡುವ ಅಕ್ಷರಗಳಲ್ಲಿ ಮೆಮರಿಯ ವೇಗ 333 ಎಂದಿತ್ತು. ಮೊದಲು ಅಲ್ಲಿ 400 ಬರುತ್ತಿತ್ತು. ದಿನಾ ಆ ಪರದೆಯನ್ನೇ ನೋಡುವ ಅಕ್ಕನ ಕಣ್ಣಿಗೆ ಅದು ತಪ್ಪಲಿಲ್ಲ.

"ಇದು ಕಮ್ಮಿ ಆಯ್ತಲ್ಲ?"

"ಸೆಟ್ಟಿಂಗ್ ತಪ್ಪಿರ್ಬೇಕು. ಸರಿ ಮಾಡ್ತೇನೆ," ಎಂದೆ.

ಯಾಕೆ ಕಮ್ಮಿಯಾಯಿತು ಎಂದು ನಾನು ನಿಂತು ಯೋಚಿಸಲಿಲ್ಲ. ಆಫೀಸಿನಲ್ಲಿ ಅರವತ್ತು ಕಂಪ್ಯೂಟರು ನೋಡಿಕೊಳ್ಳುವವನು, ಅಕ್ಕನ ಎದುರು ಗೊತ್ತಿಲ್ಲ ಎನ್ನಲು ನಾಚಿಕೆ. ಸೆಟ್ಟಿಂಗಿಗೆ ಹೋಗಿ ಕೈಯಾರೆ 400 ಎಂದು ಹಾಕಿದೆ. ಕಂಪ್ಯೂಟರ್ ಎದ್ದಿತು. ಅಕ್ಕ ಖುಷಿಯಾಗಿ ನನಗೆ ನೀರ್ ದೋಸೆ ಮಾಡಿ ಹಾಕಿದಳು.

ಮೂರನೇ ದಿನದಿಂದ ಕಾಟ ಶುರುವಾಯಿತು. ಕೆಲಸದ ನಡುವೆ ಇದ್ದಕ್ಕಿದ್ದಂತೆ ಆಫ್ ಆಗಿ ಮತ್ತೆ ಆನ್ ಆಗುವುದು. ನೀಲಿ ಪರದೆ. ಅರ್ಧ ದಿನದ ಕೆಲಸ ಹೋಗಿಬಿಡುವುದು. ಹೊಸ ಸ್ಟಿಕ್ಕೇ ಹಾಳು ಎಂದು ತೀರ್ಮಾನಿಸಿ, ಆಫೀಸಿಗೆ ಅರ್ಧ ದಿನ ರಜೆ ಹಾಕಿ, ಅದನ್ನು ಕೊಂಡಿದ್ದ ರಿಚ್ಚಿ ಸ್ಟ್ರೀಟಿನ ಕಂಪ್ಯೂಟರ್ ಅಂಗಡಿಗೆ ಹೋದೆ. ಅಲ್ಲಿಯ ಯಜಮಾನರು ವಯಸ್ಸಾದ ತಮಿಳರು, ನಿಧಾನದ ಮನುಷ್ಯ. ಸ್ಟಿಕ್ಕು ಬದಲಿಸಿಕೊಟ್ಟರು. ಮುಂದಿನ ವಾರ ಅದೂ ಹಾಗೇ ಆಯಿತು. ಮತ್ತೆ ಹೋದೆ.

"ತಂಬಿ, ನಾಲ್ಕು ಸ್ಲಾಟೂ ತುಂಬಿಸಿದ್ದೀಯಾ?" ಎಂದು ತಮಿಳಿನಲ್ಲಿ ಕೇಳಿದರು.

"ಹೌದು."

"ಹಾಗಾದರೆ ವೇಗ ಸ್ವಲ್ಪ ಇಳಿಸಿ ನೋಡು."

ಹಾಳಾದ ಮಾಲು ಕೊಟ್ಟು ಜಾರಿಕೊಳ್ಳುವ ಮಾತು ಎಂದೇ ನನಗೆ ಅನಿಸಿತು. ಬಿಸಿಲಿನಲ್ಲಿ ಬಸ್ಸಿನಲ್ಲಿ ನಿಂತು ಬಂದಿದ್ದೆ. "ನಾನೂರು ಅಂತ ಹೇಳಿ ಮಾರುವುದು, ಆಮೇಲೆ ಇಳಿಸು ಅನ್ನುವುದಾ?" ಎಂದು ನಾಲ್ಕು ಜನ ಗಿರಾಕಿಗಳ ಮುಂದೆ ದನಿ ಏರಿಸಿದೆ. ಅವರು ನನ್ನ ಮುಖ ನೋಡಿದರು. ಇನ್ನೊಂದು ಜೊತೆ ಸ್ಟಿಕ್ಕು ತೆಗೆದು ಕೌಂಟರಿನ ಮೇಲಿಟ್ಟು ಮುಂದಿನವರ ಕಡೆ ತಿರುಗಿದರು.

ಮುಂದಿನ ಎರಡು ಭಾನುವಾರ ನೆನೆದರೆ ಈಗಲೂ ನನಗೆ ಆಯಾಸವಾಗುತ್ತದೆ. ಒಂದೊಂದೇ ಸ್ಟಿಕ್ಕು ಹಾಕಿ ತಾಸುಗಟ್ಟಲೆ ಪರೀಕ್ಷೆ ಓಡಿಸಿದೆ. ಯಾವುದರಲ್ಲೂ ದೋಷವಿಲ್ಲ. ಒಂದೊಂದೇ ಸ್ಲಾಟು ನೋಡಿದೆ, ಎಲ್ಲವೂ ಸರಿ. ಯಾವ ಎರಡು ಹಾಕಿದರೂ ಸುಮ್ಮನೆ ಓಡುತ್ತದೆ, ನಾಲ್ಕು ಹಾಕಿದ ಕೂಡಲೇ ಎಡವುತ್ತದೆ. ಪವರ್ ಸಪ್ಲೈ ಬದಲಿಸಿದೆ, ಫ್ಯಾನು ಬದಲಿಸಿದೆ, ಸ್ಟಿಕ್ಕುಗಳ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿದೆ. ಹಾಗೇ ಎರಡು ಸ್ಟಿಕ್ಕಿನಲ್ಲಿ ಬಿಟ್ಟುಬಿಡೋಣ ಎಂದರೆ ಅಕ್ಕನ ಪುಟಗಳು ತೆರೆಯುವುದಿಲ್ಲ. ಬಗ್ಗಿ ಬಗ್ಗಿ ನನ್ನ ಕುತ್ತಿಗೆ ಹಿಡಿದುಕೊಂಡಿತು. ಅಕ್ಕ ಹಿಂದೆ ಬಂದು ನಿಂತು ಏನೂ ಕೇಳದೆ ಹೋಗುತ್ತಿದ್ದಳು. ಕೇಳಿದ್ದರೆ ಬೈದುಬಿಡುತ್ತಿದ್ದೆನೇನೋ.

ಎರಡನೆಯ ಭಾನುವಾರ ಮಧ್ಯಾಹ್ನ ಒಬ್ಬ ಹೆಂಗಸು ಆಲ್ಬಮ್ ಹಿಡಿದುಕೊಂಡು ಬಂದರು. ಮದುಮಗಳ ತಾಯಿ. ನಾನು ಮೇಜಿನ ಹಿಂದೆ ನೆಲದಲ್ಲಿದ್ದೆ, ಅವರಿಗೆ ಕಾಣುತ್ತಿರಲಿಲ್ಲ. ಅವರು ಪುಟ ತೆರೆದು ತೋರಿಸಿದರು. ತಾಳಿ ಕಟ್ಟುವ ಫೋಟೋದ ನಡುವೆ, ಹುಡುಗ ಹುಡುಗಿಯ ಮುಖಗಳ ಮೇಲೆಯೇ, ಅಂಗೈ ಅಗಲದ ಹಸಿರು ಪಟ್ಟೆ.

"ಬೇರೆ ಯಾವ ಪುಟದಲ್ಲಾದರೂ ಆಗಬಹುದಿತ್ತಲ್ಲಮ್ಮಾ," ಎಂದರು ಆಕೆ ತಮಿಳಿನಲ್ಲಿ. "ತಾಳಿ ಕಟ್ಟುವಾಗಲೇ ಹೀಗಾ? ಬೀಗರ ಮನೆಯವರು ನೋಡಿದರೆ ಏನೆಂದುಕೊಳ್ಳುತ್ತಾರೆ?"

ಅವರ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು. ಅಕ್ಕ ಆ ಪುಟವನ್ನೇ ನೋಡುತ್ತಾ ನಿಂತಳು. ಅವಳು ಜೋಡಿಸಿದಾಗ ಅದು ಸರಿಯಾಗಿತ್ತು. ಪ್ರಿಂಟ್ ಹಾಕುವ ಲ್ಯಾಬಿಗೆ ಕಳಿಸಲು ಸಿಡಿಗೆ ಹಾಕುವಾಗ ಕೆಟ್ಟಿತ್ತು. ಅವಳು ಕಂಪ್ಯೂಟರನ್ನು ದೂರಬಹುದಿತ್ತು, ನನ್ನನ್ನು ತೋರಿಸಬಹುದಿತ್ತು.

"ತಪ್ಪು ನನ್ನದೇ ಅಮ್ಮಾ," ಎಂದಳು. "ನಾನು ಮತ್ತೊಮ್ಮೆ ನೋಡಬೇಕಿತ್ತು. ಗುರುವಾರದೊಳಗೆ ಹೊಸದಾಗಿ ಮಾಡಿಸಿಕೊಡ್ತೇನೆ."

ಸ್ಕ್ರೂಡ್ರೈವರ್ ಕೈಯಲ್ಲಿ ಹಿಡಿದು ಮೇಜಿನ ಹಿಂದೆಯೇ ಕೂತಿದ್ದೆ. ಆಕೆ ಹೋದ ಮೇಲೂ ಏಳಲು ಧೈರ್ಯವಾಗಲಿಲ್ಲ. ಕೊನೆಗೆ, "ಆ ಬೋರ್ಡಿನ ಜೊತೆ ಬಂದ ಪುಸ್ತಕ ಉಂಟಾ ಅಕ್ಕ?" ಎಂದು ಕೇಳಿದೆ. ಅವಳು ಕಪಾಟಿನಿಂದ ತೆಗೆದುಕೊಟ್ಟಳು. ಪ್ಲಾಸ್ಟಿಕ್ ಕವರನ್ನು ನಾನು ಹರಿದೇ ಇರಲಿಲ್ಲ.

ಮೆಮರಿಯ ಭಾಗದಲ್ಲಿ ಒಂದು ಸಣ್ಣ ಕೋಷ್ಟಕ. ನಮ್ಮವುಗಳಂತೆ ಎರಡೂ ಬದಿಗೆ ಚಿಪ್ಪುಗಳಿರುವ ಸ್ಟಿಕ್ಕು ಎರಡಿದ್ದರೆ 400. ಅಂಥವು ನಾಲ್ಕಿದ್ದರೆ 333. ನಾಲ್ಕರ ಹೊರೆ ಹೊತ್ತು 400ರ ವೇಗದಲ್ಲಿ ಓಡಲು ಬೋರ್ಡಿಗೆ ಆಗದು, ಅದಕ್ಕೇ ತಾನಾಗಿ ನಿಧಾನ ಮಾಡಿಕೊಂಡಿತ್ತು. ಅದನ್ನು ಹೊಡೆದು ಹೊಡೆದು ಜೋರಾಗಿ ಓಡುವಂತೆ ಮಾಡಿದವನು ನಾನು. ರಿಚ್ಚಿ ಸ್ಟ್ರೀಟಿನ ಯಜಮಾನರು ಒಂದೇ ಮಾತಿನಲ್ಲಿ ಹೇಳಿದ್ದರು.

ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಕುರ್ಚಿಯಲ್ಲಿ ಕೂತು ಕೇಳಿಸಿಕೊಂಡಳು.

"ಹಾಗಾದ್ರೆ ಮೊದಲ ದಿನ ಅದು ಸರಿಯಾಗಿಯೇ ಇತ್ತಾ?"

"ಹೌದು."

"ಆ ಮುನ್ನೂರ ಮೂವತ್ತಮೂರಕ್ಕೆ ನನ್ನ ಕೆಲಸ ಎಷ್ಟು ನಿಧಾನ ಆಗ್ತದೆ?"

"ನಿಂಗೆ ಗೊತ್ತೇ ಆಗ್ಲಿಕ್ಕಿಲ್ಲ."

ಅವಳು ಬೈಯಲಿಲ್ಲ. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು. ಅಳುತ್ತಿದ್ದಳೋ ದಣಿವೋ ನನಗೆ ತಿಳಿಯಲಿಲ್ಲ. "ನಾನೂ ಕೇಳಿದ್ದು ತಪ್ಪು, ಕಮ್ಮಿ ಆಯ್ತು ಅಂತ," ಎಂದಳು.

ಸೆಟ್ಟಿಂಗನ್ನು ಮೊದಲಿನ ಹಾಗೆ ಅದರ ಪಾಡಿಗೆ ಬಿಟ್ಟೆ. ನಾಲ್ಕೂ ಸ್ಟಿಕ್ಕು ಹಾಕಿ ಪರೀಕ್ಷೆ ಓಡಿಸಿದರೆ ಒಂದು ತಪ್ಪೂ ಇಲ್ಲ. ಆದರೆ ಆ ಮೂರು ವಾರಗಳಲ್ಲಿ ಉಳಿಸಿದ ಯಾವ ಪುಟವನ್ನೂ ನಂಬುವಂತಿರಲಿಲ್ಲ. ಫೋಟೋಗ್ರಾಫರುಗಳ ಬಳಿ ಮೂಲ ಚಿತ್ರಗಳಿದ್ದದ್ದರಿಂದ ಬಚಾವಾದೆವು. ನಾನು ಎರಡು ದಿನ ರಜೆ ಹಾಕಿದೆ. ಇಬ್ಬರೂ ಅಕ್ಕಪಕ್ಕ ಕೂತು ಮುಗಿದ ಪುಟಗಳನ್ನೆಲ್ಲ ದೊಡ್ಡದು ಮಾಡಿ ಮೂಲೆ ಮೂಲೆ ನೋಡಿದೆವು. ಒಟ್ಟು ಹದಿನಾರು ಪುಟ ಕೆಟ್ಟಿದ್ದವು. ಅಕ್ಕ ಅವನ್ನು ಮೊದಲಿನಿಂದ ಮಾಡಿದಳು. ತಾಳಿಯ ಪುಟವನ್ನು ಎಲ್ಲಕ್ಕಿಂತ ಮೊದಲು ಮಾಡಿ, ಗುರುವಾರ ತಾನೇ ಆ ಮನೆಗೆ ಹೋಗಿ ಕೊಟ್ಟು ಬಂದಳು.

ಶನಿವಾರ ರಿಚ್ಚಿ ಸ್ಟ್ರೀಟಿಗೆ ಹೋದೆ. ಅಂಗಡಿಯಲ್ಲಿ ಜನ ತುಂಬಿದ್ದರು. ಕಾದು ನಿಂತು, ನನ್ನ ಸರದಿ ಬಂದಾಗ, "ನೀವು ಹೇಳಿದ್ದೇ ಸರಿ ಅಯ್ಯಾ, ನಾನು ಜೋರು ಮಾತಾಡಿದ್ದು ತಪ್ಪಾಯ್ತು," ಎಂದೆ. ಆ ದಿನದ ಹಾಗೆಯೇ ಎಲ್ಲರಿಗೂ ಕೇಳುವಂತೆ ಹೇಳಬೇಕೆಂದಿದ್ದೆ. ದನಿ ಅಷ್ಟು ಏಳಲಿಲ್ಲ.

ಅವರು ಒಂದು ಕ್ಷಣ ನೆನಪು ಮಾಡಿಕೊಂಡರು. "ಈಗ ಓಡುತ್ತಿದೆಯಲ್ಲ?" ಎಂದು ಕೇಳಿದರು.

"ಓಡುತ್ತಿದೆ."

"ಸರಿ, ಹಾಗಾದರೆ," ಎಂದು ಮುಂದಿನವರ ಚೀಟಿಗೆ ಕೈ ಚಾಚಿದರು.

ಅಲ್ಲಿಂದ ಹೊರಬಿದ್ದು ಅಕ್ಕನಿಗೆ ಫೋನ್ ಮಾಡಿ, ನಾಳೆ ಬಂದು ಇನ್ನೊಮ್ಮೆ ನೋಡಿ ಹೋಗಲಾ ಎಂದು ಕೇಳಿದೆ.

"ಬೇಡ ಮಾರಾಯ," ಎಂದಳು. "ನಾನೂ ನಾಳೆ ಅದನ್ನು ಆನ್ ಮಾಡುದಿಲ್ಲ. ನೀನು ಮನೆಯಲ್ಲಿ ಮಲಗು."