ಸಿದ್ದಮ್ಮ ಕೇಳಿ ಪಡೆದ ಯಂತ್ರ

ಅಪ್ಪನ ಅಂಗಿಯ ಗುಂಡಿಗಳು ಪಟಪಟನೆ ಒಡೆದವು. ಬಟ್ಟೆ ಹಿಂಡುವ ಉರುಳೆಗಳ ಹಿಡಿ ತಿರುಗಿಸುತ್ತಿದ್ದ ನಾನು ಗಾಬರಿಯಿಂದ ನಿಲ್ಲಿಸಿದೆ. ಅದು ಐವತ್ತರ ದಶಕದ ಗುಂಡ್ಲುಪೇಟೆ. ಊಟಿಯ ಟೀ ತೋಟದ ಇಂಗ್ಲಿಷ್ ದೊರೆಯೊಬ್ಬರು ತಮ್ಮ ದೇಶಕ್ಕೆ ಹೊರಟಾಗ ಮಾರಿದ ಬಟ್ಟೆ ಒಗೆಯುವ ಯಂತ್ರವನ್ನು, ಈರುಳ್ಳಿ ವ್ಯಾಪಾರಿಯಾಗಿದ್ದ ಅಪ್ಪ ಲಾರಿಯಲ್ಲಿ ತರಿಸಿದ್ದರು. ತೊಟ್ಟಿಯ ಮೇಲಿದ್ದ ಎರಡು ರಬ್ಬರ್ ಉರುಳೆಗಳ ನಡುವೆ ಒದ್ದೆ ಬಟ್ಟೆ ತೂರಿಸಿ ಹಿಡಿ ತಿರುಗಿಸಿದರೆ ನೀರೆಲ್ಲ ಇಳಿದು ಹೋಗುತ್ತಿತ್ತು.

ನಮ್ಮ ಮನೆಯ ಬಟ್ಟೆ ಒಗೆಯುತ್ತಿದ್ದ ಸಿದ್ದಮ್ಮ ಅಷ್ಟರಲ್ಲಿ ಬಂದಳು. ಇನ್ನು ಅವಳ ಕೆಲಸ ಹೋಯಿತಲ್ಲ ಎಂದು ನನಗೆ ಸಂಕಟ. ಅವಳು ಮಾತ್ರ ಉರುಳೆಯ ತಿರುಪನ್ನು ಸಡಿಲಿಸಿ, ಇನ್ನೊಂದು ಅಂಗಿಯನ್ನು ಗುಂಡಿ ಒಳಗಾಗುವಂತೆ ಮಡಚಿ ತೂರಿಸಿದಳು. ಅಂಗಿ ಸಲೀಸಾಗಿ ಈಚೆ ಬಂತು.

"ಇದು ನಿಮಗ್ಯಾಕೆ ಸಾವ್ಕಾರ್ರೇ? ಒಗಿಯೋಳು ನಾನು. ನನ್ ಮನೆಗೆ ಕಳಿಸ್ಬುಡಿ" ಎಂದಳು.

ಅಪ್ಪ ಜೋರಾಗಿ ನಕ್ಕು, "ಗಾಡಿ ಕಟ್ರಲಾ" ಎಂದು ಆಳುಗಳಿಗೆ ಹೇಳಿದರು. ಆ ವರ್ಷವೇ ಸಿದ್ದಮ್ಮ ಪ್ರವಾಸಿ ಬಂಗಲೆಯ ಹೊದಿಕೆಗಳನ್ನೂ ಒಗೆಯಲು ಒಪ್ಪಿಕೊಂಡಳು.

ಈಗ ನನ್ನ ಬಳಿ ಅಂಥ ಹಳೆಯ ಯಂತ್ರಗಳು ಏಳು ಇವೆ. ನೋಡಲು ಬಂದವರು ದೂರ ನಿಂತು ಹೊಗಳಿದರೆ ನನಗೆ ಸಾಲದು. ಒದ್ದೆ ಬಟ್ಟೆಯೊಂದನ್ನು ಕೈಗೆ ಕೊಟ್ಟು, "ತಿರುಗಿಸಿ" ಎನ್ನುತ್ತೇನೆ.