ಅಮ್ಮನ ಬೀಡಿ ಕತ್ತರಿ

ಇವತ್ತು ಬೆಳಿಗ್ಗೆ ತೂಕದ ಯಂತ್ರ ಸರಿಸಿ ನೆಲ ಗುಡಿಸುವಾಗ ಅದರಡಿ ಒಂದು ಸಣ್ಣ ಕತ್ತರಿ ಸಿಕ್ಕಿತು. ಬೀಡಿ ಎಲೆ ಕತ್ತರಿಸುವ ಕತ್ತರಿ, ನಮ್ಮ ಅಮ್ಮನದು. ಬೆರಳು ನೋಯದಂತೆ ಹಿಡಿಗೆ ಅವಳು ಸುತ್ತಿದ ಸೀರೆಯಂಚು ಇನ್ನೂ ಇದೆ.

ಕಟಪಾಡಿಯಲ್ಲಿ ನನ್ನದೊಂದು ಗುಜರಿ ಅಂಗಡಿ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಗೊತ್ತಿರುವ ವಿದ್ಯೆ ಒಂದೇ: ಬಂದದ್ದನ್ನು ಬಿಚ್ಚಿ, ಕಬ್ಬಿಣವನ್ನು ಕಬ್ಬಿಣಕ್ಕೆ, ಹಿತ್ತಾಳೆಯನ್ನು ಹಿತ್ತಾಳೆಗೆ ಸೇರಿಸುವುದು. ಮದುವೆಯೂಟಕ್ಕೆ ಕೂತರೂ ನನ್ನ ಕಣ್ಣು ಬಕೆಟ್ಟು, ಸೌಟುಗಳನ್ನು ಬೇರೆ ಬೇರೆ ರಾಶಿಗೆ ಹಾಕುತ್ತಿರುತ್ತದೆ.

ಅಕ್ಕ ಇದಕ್ಕೆ ಪೂರಾ ಉಲ್ಟಾ. ಕಾಪುವಿನಿಂದ ಬಸ್ಸಿನಲ್ಲಿ ಬಂದು, ನನ್ನ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಕತ್ತು ಓರೆ ಮಾಡಿ ಹುಡುಕುತ್ತಿದ್ದಳು. ಅಮ್ಮ ತೀರಿಹೋದ ವರ್ಷ ಒಮ್ಮೆ ಬಾಗಿದ ಸೈಕಲ್ ಹ್ಯಾಂಡಲ್ ಎತ್ತಿ, "ಇದು ಅಮ್ಮನ ಮೊಣಕಾಲು ಮಾರಾಯ" ಎಂದಳು.

"ಎಂತ ಮರುಳಾ ನಿನಗೆ? ಅದು ಹ್ಯಾಂಡಲ್."

"ನಿನ್ನ ತಲೆಯಲ್ಲಿ ಉಂಟಲ್ಲ, ಅದೂ ತಗಡೇ."

ಆ ಹ್ಯಾಂಡಲ್, ಹೊಲಿಗೆ ಯಂತ್ರದ ಕಾಲು, ತೂತು ಬಿದ್ದ ಹಿತ್ತಾಳೆ ಕೊಡ ಎಲ್ಲವನ್ನೂ ತಂತಿಯಲ್ಲಿ ಬಿಗಿದು ಅವಳು ಅಮ್ಮನನ್ನು ಮಾಡಿದಳು: ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟಲು ಕೂತ ಅಮ್ಮ. ಕೈಯ ಜಾಗದಲ್ಲಿ ಈ ಕತ್ತರಿ. ಮುಖ ಇರಲಿಲ್ಲ. ನೀವು ನಗಬಹುದು, ಆ ಬಾಗಿದ ಬೆನ್ನು ಕಂಡರೆ ಸಾಕು, ಸೇದುತ್ತಿದ್ದ ಬೀಡಿಯನ್ನು ನಾನು ಬೆನ್ನ ಹಿಂದೆ ಅಡಗಿಸುತ್ತಿದ್ದೆ.

ಕಾಯಿಲೆ ಬಿದ್ದು ಮಣಿಪಾಲದ ಆಸ್ಪತ್ರೆಗೆ ಹೋಗುವಾಗ ಅಕ್ಕ ಆ ಗುಜರಿಯ ಅಮ್ಮನನ್ನು ನನ್ನ ಅಂಗಡಿಯಲ್ಲಿ ಬಿಟ್ಟಳು. "ಮಳೆಗೆ ಇಡಬೇಡ, ಆಯ್ತಾ?"

ಗುಜರಿ ಒಯ್ಯುವ ಲಾರಿ ಬರುವ ದಿನ ಎಲ್ಲದರ ಜೊತೆ ಅದನ್ನೂ ಬಿಚ್ಚಿ ಲಾರಿಗೆ ಹಾಕಿದೆ; ಕತ್ತರಿ ಮಾತ್ರ ಎಲ್ಲೋ ಉರುಳಿತು, ಹುಡುಕಲಿಲ್ಲ. ಅಭ್ಯಾಸದ ಕೈ, ತನ್ನಷ್ಟಕ್ಕೆ ಬಿಚ್ಚಿತು ಎಂದು ಇಷ್ಟು ವರ್ಷ ನನಗೇ ಹೇಳಿಕೊಂಡೆ. ಸುಳ್ಳು. ಕೊಡ ಬಿಡಿಸುವಾಗ ಅದು ಅಮ್ಮನ ಹೊಟ್ಟೆ ಎಂದು ಗೊತ್ತಿತ್ತು. ಅಕ್ಕ ಇನ್ನು ಬರುವುದಿಲ್ಲ, ಕೇಳುವವರಿಲ್ಲ ಎಂದುಕೊಂಡಿದ್ದೆ.

ಅವಳು ಕೇಳಿದಳು. ನೋಡಲು ಹೋದಾಗಲೆಲ್ಲ ಕೇಳಿದಳು. "ಅಮ್ಮ ಹೇಗಿದ್ದಾಳೆ?"

"ಆರಾಮ ಇದ್ದಾಳೆ. ಒಳಗೇ ಇಟ್ಟಿದ್ದೇನೆ."

"ಕತ್ತರಿಗೆ ಒಂದು ಹನಿ ಎಣ್ಣೆ ಹಾಕು ಮಾರಾಯ. ತುಕ್ಕು ಹಿಡಿದರೆ ಬೈತಾಳೆ."

ಹಾಕುತ್ತೇನೆ ಎಂದೆ. ಆ ವಾರವೇ ಅಕ್ಕ ತೀರಿಕೊಂಡಳು.

ಇವತ್ತು ಎಣ್ಣೆ ಹಾಕಿದೆ. ಕತ್ತರಿ ಬಾಯಿ ಬಿಡಲಿಲ್ಲ. ರಾಶಿಯಿಂದ ಒಂದು ಹ್ಯಾಂಡಲ್ ಹುಡುಕಿ, ತಂತಿ ಬಿಗಿದು, ಅಮ್ಮನನ್ನು ಮತ್ತೆ ಕೂರಿಸಲು ನೋಡಿದೆ. ಬಿಚ್ಚುವ ಕೈಗೆ ಕಟ್ಟಲು ಎಲ್ಲಿ ಬರುತ್ತದೆ? ಮೂರು ಸಲ ಬಿತ್ತು. ನಾಲ್ಕನೆಯ ಸಲ ನಿಂತದ್ದು ಅಮ್ಮನಲ್ಲ. ಕುಕ್ಕರಗಾಲಲ್ಲಿ ಕೂತು, ಕತ್ತು ಓರೆ ಮಾಡಿ, ರಾಶಿಯಲ್ಲಿ ಏನನ್ನೋ ಹುಡುಕುತ್ತಿತ್ತು.

ನಾನೂ ಎದುರಿಗೆ ಕುಕ್ಕರಗಾಲಲ್ಲಿ ಕೂತೆ.

"ಹುಡುಕಬೇಡ ಅಕ್ಕ," ಎಂದೆ. "ಅಮ್ಮನನ್ನು ನಾನು ಬಿಚ್ಚಿಬಿಟ್ಟೆ."